ಸ್ಟೆಮ್ಮೂ ಬಾಳೆದಿಂಡೂ

ಹೊಸಪೇಟೆ ಕಡೆಯ ಒಂದು ಶಾಲೆ. ಲ್ಯಾಬಿನ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಬೀಗ. (ಇದ್ದದ್ದರಲ್ಲಿ ಅದೇ ಒಳ್ಳೆಯ ಎಂಜಿನಿಯರಿಂಗು.) ಮಗನ ಮೇಲೆ ದೂರಿದೆಯೆಂದು ಮೇಷ್ಟ್ರು ಕರೆಸಿದ್ದಕ್ಕೆ ಹರಿಗೋಲು ಹಾಕುವ ಅಣ್ಣ ಬಂದಿದ್ದಾನೆ.

“ನಮಸ್ಕಾರ್ರಿ ಸರ. ಇದರೊಳಗೇನೈತ್ರಿ?”

“ಸ್ಟೆಮ್ಮಪ್ಪ, ಸ್ಟೆಮ್!”

“ಸ್ಟೆಮ್ ಅಂದ್ರ ದಿಂಡು ಅಂದ ನಮ್ಮ ಹುಡುಗ. ಕಂಪ್ಲಿ ಬಾಳೆತೋಟದಾಗ ಬೇಕಾದಷ್ಟು ಬಿದ್ದಾವಲ್ರಿ, ಅದಕ್ಕ್ಯಾಕ ಬೀಗ?”

“ದಿಂಡಲ್ಲೋ! ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗು, ಗಣಿತ ಕೂಡಿಸಿ ಕೈಯಾರೆ ಕಲಿಯೋದು.”

“ಹುಡುಗ್ರು ಮುಟ್ಯಾರೇನ್ರಿ?”

“ಮುಟ್ಟಿದ್ರ ಕೆಡಂಗಿಲ್ಲೇನು? ಕೈ ಕಟ್ಟಿಸಿ ಕಿಟಕಿಯಾಗ ತೋರಿಸ್ತೀವಿ.”

“ಆತ್ರಿ. ನಮ್ಮವನ ತಪ್ಪೇನ್ರಿ?”

“2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಯಾಕ ಕಡೀತು, 33ರಾಗ ಅದೊಂದ ಯಾಕ ಅಂತ ಕೇಳ್ತಾನ. ಸಿಲಬಸ್‌ನಾಗ ಐತೇನು?”

“ಸಿಲಬಸ್ ಗೊತ್ತಿಲ್ರಿ. ಡ್ಯಾಮು ಮಾತ್ರ ಈ ಕಿಟಕಿಯಾಗ ಕಾಣತೈತಿ.”

“ಹಂಗಂತ ಪರದೆ ಹಾಕಿಸೀವಿ! ಮ್ಯಾಲ ಪ್ರಾಜೆಕ್ಟಿಗಂತ ಹರಿಗೋಲು ತಂದ. ತಾನ ಬಿದಿರು ಸೀಳಿ ಹೆಣೆದಾನಂತ, ತಳಕ್ಕ ಡಾಂಬರು. ನನ್ನ ಅಂಗಿಗೆಲ್ಲ ಹತ್ತಿತು.”

“ಮುಳುಗಿತೇನ್ರಿ?”

“ತೇಲಿತು. ಸೊನ್ನೆ ಕೊಟ್ಟೆ. ಉಳಿದೋರೆಲ್ಲ ಅಂಗಡಿಯಿಂದ ಥರ್ಮಕೋಲಿನ ಹಂಪಿ ರಥ ತಂದಾರ. ಎಷ್ಟು ನೀಟು! ಗಾಲಿ ತಿರುಗಂಗಿಲ್ಲ, ಒರಿಜಿನಲ್ ಇದ್ದಂಗ.”

“ಚಲೋ ಆತ್ರಿ. ಡ್ಯಾಮಿನ ನೀರು ಬಿಟ್ಟು ಕಂಪ್ಲಿ ಸೇತುವಿ ಮುಳುಗಿದ್ರ ಊರಿಗೆ ಹೆಂಗ ಹೊಕ್ಕೀರಿ ಸರ?”

“ನೀನ ದಾಟಿಸಬೇಕಪ್ಪ ಮಾರಾಯ.”

“ಯಾವುದ್ರಾಗ್ರಿ ಸರ? ರಥದಾಗ?”