ಎರಡು ತಾಸು ಕೈಗಡ

ಧಾರವಾಡದ ಸಪ್ತಾಪುರದ ಗಲ್ಲಿಗಳಲ್ಲಿ ಕೋಚಿಂಗ್ ಸೆಂಟರ್, ಓದುವ ಕೋಣೆ, ಜೆರಾಕ್ಸ್ ಅಂಗಡಿ, ಖಾನಾವಳಿ ಎಲ್ಲ ಒಂದಕ್ಕೊಂದು ಆತುಕೊಂಡೇ ನಿಂತಿವೆ. ಅಂಥದ್ದೊಂದು ಖಾನಾವಳಿಯಲ್ಲಿ ರಾತ್ರಿ ಒಂಬತ್ತಕ್ಕೆ ಕೊನೆಯ ಪಂಕ್ತಿ. ಪಿಎಸ್ಐ ಆಗಬೇಕೆಂದು ಕುಷ್ಟಗಿ ಕಡೆಯಿಂದ ಬಂದ ಬಸವರಾಜ, ನೀರಿನ ತಂಬಿಗೆಗೆ ಮೊಬೈಲ್ ಒರಗಿಸಿಟ್ಟು ರೊಟ್ಟಿ ಮುರಿಯುತ್ತಿದ್ದ. ಅವನ ಪುಸ್ತಕದೊಳಗಿಂದ ಜಾರಿ ಬಿದ್ದ ಚೀಟಿಯನ್ನು ಖಾನಾವಳಿ ನಡೆಸುವ ಗಂಗವ್ವ ಎತ್ತಿಕೊಂಡಳು.

“ಏನೋ ಬಸೂ ಇದು, ಕಿರಾಣಿ ಚೀಟಿ?”

“ಟೈಮ್ ಟೇಬಲ್ ರೀ ಯವ್ವಾ. ಇವತ್ತಿಂದ ಹೊಸಾದು.”

ಗಂಗವ್ವ ಕಲಿತದ್ದು ನಾಲ್ಕನೇ ಇಯತ್ತೆ. ಆದರೆ ಮೂವತ್ತು ವರ್ಷ ರೊಟ್ಟಿ ಲೆಕ್ಕ ಬರೆದ ಕೈ. ಬೆರಳ ಗೆಣ್ಣು ಎಣಿಸತೊಡಗಿದಳು. “ಓದು ಹದಿನಾರು ತಾಸು. ಕ್ಲಾಸ್ ಮೂರು. ಟೆಸ್ಟ್ ಎರಡು. ಊಟ, ಜಳಕ ಕೂಡಿ ಒಂದು. ನಿದ್ದಿ ನಾಲ್ಕು. ಇಪ್ಪತ್ತಾರಾತು! ಮ್ಯಾಲಿನ ಎರಡು ತಾಸು ಯಾರ ಕಡೆ ಕೈಗಡ ತಂದೀಯೋ?”

ಬಸವರಾಜ ಚೀಟಿ ಕಸಿದುಕೊಂಡು ಎರಡು ಸಲ ಕೂಡಿ ನೋಡಿದ. “ನಿದ್ದಿ ಎರಡು ತಾಸು ಮಾಡ್ತೀನಿ ತಗೋರಿ.”

“ನಿದ್ದಿ ಇಲ್ದ ತಲಿ ನಡೀತೈತೇನೋ?”

ಬಸವರಾಜನ ಕಷ್ಟ ಇರುವುದೇ ಇಲ್ಲಿ. ಆರೋಗ್ಯದ ಬಗ್ಗೆ ಅವನಿಗೆ ಗೊತ್ತಿಲ್ಲದ್ದಿಲ್ಲ. ಎಲ್ಲವೂ ಸಾಮಾನ್ಯ ಜ್ಞಾನದ ನೋಟ್ಸಿನಲ್ಲಿದೆ. ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ಉತ್ತರ ತಾನೇ ಉರುಳಿ ಬರುತ್ತದೆ.

“ನಡಿಯಂಗಿಲ್ರಿ. ಅಮೆರಿಕಾದಾಗ ರ‍್ಯಾಂಡಿ ಗಾರ್ಡ್ನರ್ ಅಂತ 17 ವರ್ಷದ ಹುಡುಗ, 1963ರ ಕಡೀಗೆ ಶುರು ಮಾಡಿ ಹನ್ನೊಂದು ದಿನ ನಿದ್ದಿ ಬಿಟ್ಟ. ಕಡೀ ದಿನ ಅವಗ 100ರಿಂದ ಏಳೇಳು ಕಳಕೋತ ಹೋಗು ಅಂದ್ರು. 65ಕ್ಕ ಬಂದು ನಿಂತ. ಯಾಕಪಾ ಅಂದ್ರ, ಏನ್ ಮಾಡಾಕತ್ತಿದ್ನಿ ಅನ್ನೂದ ಮರ್ತೆ ಅಂದ.”

“ನೀ ಮಾಡು ನೋಡೂಣು.”

“93, 86, 79, 71...”

“72,” ಅಂದಳು ಗಂಗವ್ವ, ಒಲೆಯಿಂದ ಕಣ್ಣು ತೆಗೆಯದೆ. “ಅಂವಾ ಹನ್ನೊಂದು ದಿನ ನಿದ್ದಿಗೆಟ್ಟು 65ರ ತನಕ ಬಂದ. ನೀ ಒಂದ ರಾತ್ರಿಗೆ 71ಕ್ಕ ಬಿದ್ದಿ.”

ಬಸವರಾಜ ಮಾತು ತಪ್ಪಿಸಿ ಚಾ ಕೇಳಿದ.

“ಈಗ ಚಾ ಕುಡದ್ರ ನಿದ್ದಿ ಬರತೈತೇನು?”

“ಬರಂಗಿಲ್ರಿ. ಕುಡದ ಕೆಫೀನ್ ಅರ್ಧಕ್ಕ ಇಳೀಲಿಕ್ಕೆ ಸುಮಾರು ಐದು ತಾಸು ಬೇಕು. ರಾತ್ರಿ ಎರಡಕ್ಕೂ ಅರ್ಧ ಮೈಯಾಗ ಇರತೈತಿ.” ಹೇಳುತ್ತಲೇ ಕೈ ಚಾಚಿದ. ಕೈಗೆ ಬಂದದ್ದು ಒಗ್ಗರಣೆ ಮಜ್ಜಿಗೆ.

“ದಿನಾ ಸ್ವಲ್ಪರ ನಡೀತಿಯೇನು?”

“ವಾರಕ್ಕ ಕಡಿಮಿ ಅಂದ್ರೂ 150 ನಿಮಿಷ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೈತ್ರಿ.”

“ನಾ ಕೇಳಿದ್ದು ನಿಂದು.”

“ಅದು ಸಿಲೆಬಸ್‌ನ್ಯಾಗ ಇಲ್ರಿ.”

“ಪೊಲೀಸ್ ಆಗಾಂವಗ ಓಟ ಇಲ್ಲೇನು?”

“ಐತ್ರಿ, 1600 ಮೀಟರ್.”

“ಕುಂತ ಓಡಾಂವೇನು?”

ನಗುವುದು ಸುಲಭ. ಆದರೆ ಅವನನ್ನೊಬ್ಬನನ್ನೇ ದೂರುವಂತಿಲ್ಲ. 545 ಪಿಎಸ್ಐ ಹುದ್ದೆಗಳಿಗೆ 2021ರ ಅಕ್ಟೋಬರಿನಲ್ಲಿ ಲಿಖಿತ ಪರೀಕ್ಷೆ ಆಯಿತು. ಅಕ್ರಮ ಹೊರಬಿದ್ದು 2022ರ ಏಪ್ರಿಲಿನಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಇಷ್ಟೂ ಕಾಲ ಓದಿದ್ದನ್ನು ಮರೆಯುವಂತಿಲ್ಲ, ಪುಸ್ತಕ ಮುಚ್ಚಿ ಊರಿಗೆ ಹೋಗುವಂತಿಲ್ಲ, ದಿನಾ ಸಂಜೆ ಫೋನಿನಲ್ಲಿ ಅಪ್ಪ ಕೇಳುವ “ಏನಾತಪಾ?” ಅನ್ನುವ ಒಂದೇ ಪ್ರಶ್ನೆಗೆ ಉತ್ತರವಿಲ್ಲ. ನೋಟ್ಸಿನಲ್ಲಿ ಇಲ್ಲದ ಪ್ರಶ್ನೆ ಅದೊಂದೇ.

ಗಂಗವ್ವ ಎದುರು ಬೆಂಚಿಗೆ ಬಂದು ಕೂತಳು. “ರಾತ್ರಿ ಎದಿ ಡವಡವ ಅಂತೈತಿ ಅಂದಿದ್ದೆಲ್ಲ ಮೊನ್ನೆ? ಯಾರಿಗರ ತೋರ್ಸಿದೇನು?”

“ಟೆಲಿ ಮಾನಸ್ ಸಹಾಯವಾಣಿ ರೀ, 14416,” ಅವನು ನೆಟ್ಟಗೆ ಕೂತ. “2022ರ ಅಕ್ಟೋಬರ್ 10ಕ್ಕ, ವಿಶ್ವ ಮಾನಸಿಕ ಆರೋಗ್ಯ ದಿನದಂದ ಶುರುವಾತು. ರೊಕ್ಕಿಲ್ಲ, 24 ತಾಸೂ ಇರತೈತಿ, ಕನ್ನಡದಾಗೂ ಮಾತಾಡ್ತಾರ.”

“ಫೋನ್ ಹಚ್ಚಿದೇನು?”

“ಒಂದು ಮಾರ್ಕಿನ ಪ್ರಶ್ನೆರೀ ಅದು.”

ಗಂಗವ್ವ ಏನೂ ಅನ್ನಲಿಲ್ಲ. ತಂಬಿಗೆಗೆ ಒರಗಿಸಿದ್ದ ಮೊಬೈಲ್ ಎತ್ತಿ, ಸೆರಗಿನಿಂದ ಪಲ್ಯದ ಎಣ್ಣೆ ಒರೆಸಿ ಅವನ ಕೈಗಿಟ್ಟಳು. ಬಸವರಾಜ ಬಾಗಿಲ ಆಚೆ ಕಟ್ಟೆಯ ಮೇಲೆ ಬೆನ್ನು ಮಾಡಿ ಕೂತ. ಒಳಗಿನ ಪಾತ್ರೆ ಸದ್ದಿನಲ್ಲಿ ಅವನು ಏನು ಹೇಳಿದನೋ ಕೇಳಿಸಲಿಲ್ಲ. ಆರು ತಂಬಿಗೆ ಬೆಳಗಿ ಮುಗಿಯುವಷ್ಟು ಹೊತ್ತು ಮಾತಾಡಿದ.

ಒಳಗೆ ಬಂದವನು ಚೀಟಿ ಬಿಚ್ಚಿ, ಓದಿನ ಹದಿನಾರನ್ನು ಹೊಡೆದು ಒಂಬತ್ತು ಮಾಡಿದ. ನಿದ್ದೆಯ ನಾಲ್ಕನ್ನು ಏಳು ಮಾಡಿದ. ಕೂಡಿ ನೋಡಿ ಗಾಬರಿಯಾದ. “ಯವ್ವಾ, ಈಗ ಎರಡು ತಾಸು ಉಳೀತಲ್ರಿ!”

“ಒಂದ್ರಾಗ ಓಡು. ಇನ್ನೊಂದ್ರಾಗ, ಹೋದ ತಿಂಗಳ ನನ್ನ ಬಾಕಿ ಎಷ್ಟಂತ ನೆನಪ ಮಾಡ್ಕೋ.”

“ಅದು ಸಿಲೆಬಸ್‌ನ್ಯಾಗ ಇಲ್ರಿ,” ಎನ್ನುತ್ತ ಬಸವರಾಜ ಚಪ್ಪಲಿ ಹುಡುಕತೊಡಗಿದ.