ಒಂದು ಅಂಕದ ಐರ್ಲೆಂಡ್

ಕರ್ನಾಟಕದಲ್ಲಿ ಕೆಪಿಎಸ್‌ಸಿ ಪರೀಕ್ಷೆಗೆ ಕೂತವರನ್ನು ನಡುರಾತ್ರಿ ಎಬ್ಬಿಸಿ, "ರಾಜ್ಯನೀತಿಯ ನಿರ್ದೇಶಕ ತತ್ವಗಳನ್ನು ಯಾವ ದೇಶದಿಂದ ಎರವಲು ಪಡೆಯಲಾಗಿದೆ?" ಎಂದು ಕೇಳಿ. ಕಣ್ಣು ಬಿಡುವ ಮೊದಲೇ "ಐರ್ಲೆಂಡ್" ಎನ್ನುತ್ತಾರೆ. ಒಂದು ಅಂಕ ಬಿತ್ತು. ಆ ದೇಶ ಭೂಪಟದ ಯಾವ ಮೂಲೆಯಲ್ಲಿದೆ, ಅಲ್ಲಿಯ ಜನ ಆ ತತ್ವಗಳನ್ನು ಏನು ಮಾಡಿದರು ಎಂಬ ಎರಡನೇ ಪ್ರಶ್ನೆಯನ್ನು ಈವರೆಗೆ ಯಾರೂ ಕೇಳಿಲ್ಲ, ಗೈಡುಗಳಲ್ಲೂ ಇಲ್ಲ. 1937ರ ಐರಿಷ್ ಸಂವಿಧಾನದ 45ನೇ ವಿಧಿಯಲ್ಲಿ ದೊಡ್ಡ ದೊಡ್ಡ ಆಶಯಗಳಿವೆ. ಇವನ್ನು ಹಿಡಿದುಕೊಂಡು ಯಾರೂ ಕೋರ್ಟಿಗೆ ಹೋಗುವ ಹಾಗಿಲ್ಲ ಎಂಬ ಮಾತೂ ಅಲ್ಲಿಯೇ ಇದೆ. ನಾವು ಆಶಯಗಳ ಜೊತೆಗೆ ಆ ಮಾತನ್ನೂ ಜೋಪಾನವಾಗಿ ತಂದು 37ನೇ ವಿಧಿಯಲ್ಲಿ ಇಟ್ಟುಕೊಂಡೆವು.

ಈಗ ಆ ಉತ್ತರದ ಒಳಗೇ ಮನೆ ಮಾಡಿ, ಸಾಲ ತೀರಿಸುತ್ತ, ಕುಕ್ಕರ್ ಕೂಗಿಸುತ್ತ ಕೂತ ಕನ್ನಡಿಗರಿದ್ದಾರೆ. ಕಾರ್ಕ್ ನಗರದ ಪಶ್ಚಿಮಕ್ಕೆ, ಲೀ ನದಿಯ ದಂಡೆಯ ಮೇಲಿನ ಬ್ಯಾಲಿನ್‌ಕೊಲಿಗ್‌ನಲ್ಲಿ ಗಂಡ ಸಾಫ್ಟ್‌ವೇರು, ಹೆಂಡತಿ ವಿಲ್ಟನ್‌ನ ದೊಡ್ಡ ಆಸ್ಪತ್ರೆಯಲ್ಲಿ ನರ್ಸು ಎಂಬ ಸಂಸಾರಗಳಿಗೆ ಬರವಿಲ್ಲ. ಊರಿಗೆ ಹೆಸರು ತಂದದ್ದು ಕೋವಿಮದ್ದು. 1794ರಲ್ಲಿ ಚಾರ್ಲ್ಸ್ ಹೆನ್ರಿ ಲೆಸ್ಲಿ ಎಂಬಾತ ಕಾರ್ಖಾನೆ ಹಾಕಿದ, 1805ರಲ್ಲಿ ಬ್ರಿಟಿಷ್ ಸರ್ಕಾರ ಅದನ್ನು ಕೊಂಡಿತು, 1903ರಲ್ಲಿ ಬಾಗಿಲು ಬಿತ್ತು. ಈಗ ಅಲ್ಲಿ ದೊಡ್ಡ ಪಾರ್ಕು, ಹಳೆಯ ಕಾಲುವೆ, ಬಳ್ಳಿ ಹಬ್ಬಿದ ಮುರುಕು ಗೋಡೆಗಳು. ಶನಿವಾರ ಬೆಳಗ್ಗೆ ಆ ಗೋಡೆಗಳ ಪಕ್ಕದಲ್ಲಿ ಜಾಕೆಟ್ ಏರಿಸಿಕೊಂಡು ವಾಕ್ ಹೋಗುವ ನಮ್ಮ ಗಂಡಸರು ಡಿಕೆಶಿಗೆ ಕುರ್ಚಿ ಸಿಗುತ್ತೋ ಇಲ್ಲವೋ ಎಂದು ಮಾತಾಡುವ ಬಿರುಸು ನೋಡಿದರೆ, ಕಾರ್ಖಾನೆ ಪೂರ್ತಿ ಮುಚ್ಚಿದೆ ಎಂದು ನಂಬುವುದು ಕಷ್ಟ.

ಅವರಲ್ಲಿ ಒಬ್ಬರ ಮನೆಯ ಕಥೆ ಇದು. ಹಾಸನದ ಕಡೆಯವರು, ಹೆಸರು ಬೇಡ, ಯಜಮಾನರು ಎನ್ನೋಣ. ಮಗಳು ಲೀವಿಂಗ್ ಸರ್ಟಿಫಿಕೇಟ್, ಅಂದರೆ ಅಲ್ಲಿಯ ಪಿಯುಸಿ ಮುಗಿಸುವ ವರ್ಷ. ಒಂದು ರಾತ್ರಿ ಊಟದ ಹೊತ್ತಿಗೆ ಅನ್ನಕ್ಕೆ ಸಾರು ಹಾಕಿಕೊಳ್ಳುತ್ತ, "ಅಪ್ಪ, ನಾನು ಪೊಲಿಟಿಕಲ್ ಸೈನ್ಸ್ ಓದ್ತೀನಿ" ಅಂದಳು. ಯಜಮಾನರ ಬಲಗೈ ತಟ್ಟೆಯ ಮೇಲೆ, ಎಡಗೈ ಫೋನಿನ ಮೇಲಿತ್ತು. ಫೋನಿನಲ್ಲಿ ಚನ್ನಪಟ್ಟಣ ಉಪಚುನಾವಣೆಯ ಚರ್ಚೆ. ಅದನ್ನು ಅಲ್ಲಿಗೇ ನಿಲ್ಲಿಸಿ ಅವರು ಕೇಳಿದ ಪ್ರಶ್ನೆ ಇದು: "ರಾಜಕೀಯ ಎಲ್ಲ ನಮಗ್ಯಾಕಮ್ಮ?"

ಇದೇ ಮಹಾಶಯರು ಮಗಳಿಗೆ ಐದನೇ ವಯಸ್ಸಿನಿಂದ ಹೇಳಿಕೊಂಡು ಬಂದದ್ದು, "ನಿನಗೆ ಇಷ್ಟ ಬಂದದ್ದು ಓದು ಪುಟ್ಟಿ, ನಮ್ಮದೇನೂ ಒತ್ತಾಯ ಇಲ್ಲ." ಹುಡುಗಿ ಅದನ್ನು ಮೂಲಭೂತ ಹಕ್ಕು ಅಂದುಕೊಂಡಿದ್ದಳು. ಅದು 45ನೇ ವಿಧಿ. ಉದಾತ್ತವಾದ ಆಶಯ, ಯಾವ ಕೋರ್ಟೂ ಕೇಳುವ ಹಾಗಿಲ್ಲ.

ಹಾಗೆಂದು ಯಜಮಾನರು ಸರ್ವಾಧಿಕಾರಿಯಲ್ಲ, ಪುರಾವೆ ಕೊಟ್ಟು ಮಾತಾಡುವವರು. ದೇವೇಗೌಡರು ಓದಿದ್ದು ಸಿವಿಲ್ ಡಿಪ್ಲೊಮಾ, ಬಸವರಾಜ ಬೊಮ್ಮಾಯಿ ಮೆಕ್ಯಾನಿಕಲ್ ಎಂಜಿನಿಯರ್, ಸಿದ್ದರಾಮಯ್ಯ ಬಿಎಸ್ಸಿ ಮಾಡಿ ಆಮೇಲೆ ಲಾಯರು. "ರಾಜಕೀಯ ಮಾಡೋಕೂ ಎಂಜಿನಿಯರಿಂಗೇ ಓದಬೇಕು ಕಣಮ್ಮ." ಐರ್ಲೆಂಡಿನ ಲೆಕ್ಕವೂ ಅವರ ಪರವಾಗಿಯೇ ಇತ್ತು. ಅಲ್ಲಿ ಪ್ರಧಾನಿಯಾದವರಲ್ಲಿ ಲಿಯೊ ವರಾಡ್ಕರ್ ಡಾಕ್ಟರು, ಸೈಮನ್ ಹ್ಯಾರಿಸ್ ಕಾಲೇಜನ್ನು ಅರ್ಧಕ್ಕೆ ಬಿಟ್ಟವರು, ಕಾರ್ಕ್‌ನ ಮಿಹಾಲ್ ಮಾರ್ಟಿನ್ ಇತಿಹಾಸ ಓದಿ ಮೇಷ್ಟ್ರಾದವರು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಪಾಠ ಹೇಳಿದ ಮನುಷ್ಯನೂ ಒಬ್ಬರಿದ್ದರು, ಗಾಲ್ವೆಯ ಮೈಕಲ್ ಡಿ. ಹಿಗಿನ್ಸ್. ಅವರನ್ನು ಆ ದೇಶ 2011ರಿಂದ 2025ರವರೆಗೆ ರಾಷ್ಟ್ರಪತಿ ಭವನದಲ್ಲಿ ಕೂರಿಸಿತು. ಆಡಳಿತದ ಅಧಿಕಾರ ಸುಮಾರಾಗಿ ಏನೂ ಇಲ್ಲದ ಜಾಗ ಅದೊಂದೇ. ವಿಷಯ ಗೊತ್ತಿದ್ದವರನ್ನು ಎಲ್ಲಿಡಬೇಕು ಎಂಬುದು ಎಲ್ಲ ದೇಶಗಳಿಗೂ ಗೊತ್ತಿರುತ್ತದೆ.

ಅವರ ಬ್ರಹ್ಮಾಸ್ತ್ರ ಜಾರ್ಜ್ ಬೂಲ್. ಮಗಳು ಹೋಗಬೇಕೆಂದ ಯುಸಿಸಿ, ಅಂದರೆ ಯೂನಿವರ್ಸಿಟಿ ಕಾಲೇಜ್ ಕಾರ್ಕ್, ಶುರುವಾದದ್ದು ಕ್ವೀನ್ಸ್ ಕಾಲೇಜ್ ಎಂಬ ಹೆಸರಿನಲ್ಲಿ. ಅಲ್ಲಿಯ ಮೊದಲ ಗಣಿತ ಪ್ರೊಫೆಸರ್ 1849ರಲ್ಲಿ ಬಂದ ಬೂಲ್. "ಕಂಪ್ಯೂಟರಿನ ತಳಪಾಯ ಹಾಕಿದ ಕಾಲೇಜಿಗೆ ಹೋಗಿ ಯಾರಾದರೂ ಬಿಎ ಓದ್ತಾರಾ? ತಿರುಪತಿಗೆ ಹೋಗಿ ಕ್ಷೌರಿಕನನ್ನ ನೋಡ್ಕೊಂಡು ಬಂದ ಹಾಗಾಯ್ತು." ಮಗಳು ತಟ್ಟೆ ಎತ್ತಿಕೊಂಡು ಎದ್ದಳು. "ಬೂಲ್ ಮಳೇಲಿ ಮೈಲಿಗಟ್ಟಲೆ ನಡ್ಕೊಂಡು ಹೋಗಿ, ಒದ್ದೆ ಬಟ್ಟೇಲೇ ಪಾಠ ಮಾಡಿ, 1864ರಲ್ಲಿ ನ್ಯುಮೋನಿಯಾ ಬಂದು ಸತ್ತ. ಅದು ಪ್ಲೇಸ್‌ಮೆಂಟಾ ಅಪ್ಪ?"

ಈ ಹುಡುಗಿ ಶಾಲೆಯಲ್ಲಿ 'ಪಾಲಿಟಿಕ್ಸ್ ಅಂಡ್ ಸೊಸೈಟಿ' ತೆಗೆದುಕೊಂಡಿದ್ದಳು. ಐರ್ಲೆಂಡಿನ ಶಾಲೆಗಳಿಗೆ ಅದು ಹೊಸ ವಿಷಯ. ಮೊದಲ ಪರೀಕ್ಷೆ ನಡೆದದ್ದೇ 2018ರಲ್ಲಿ. ನೂರರಲ್ಲಿ 20 ಅಂಕ ಪ್ರಾಜೆಕ್ಟಿಗೆ, ಅದೂ ಪೌರತ್ವದ ಮೇಲೆ. ದೂರ ಯಾಕೆ ಹೋಗಬೇಕು ಎಂದು ಇವಳು ಮನೆಗೆ ಬಂದುಹೋಗುವ ಅಂಕಲ್‌ಗಳನ್ನೇ ಹಿಡಿದು ಎರಡು ಪ್ರಶ್ನೆ ಕೇಳಿದಳು. ಬ್ಯಾಲಿನ್‌ಕೊಲಿಗ್‌ನಿಂದ ಗೆದ್ದ ಒಬ್ಬ ಕೌನ್ಸಿಲರ್ ಹೆಸರು ಹೇಳಿ. ಚನ್ನಪಟ್ಟಣದಲ್ಲಿ ಗೆದ್ದವರು ಯಾರು?

ಎರಡನೆಯದಕ್ಕೆ ಉತ್ತರದ ಜೊತೆ ಉಪನ್ಯಾಸವೂ ಸಿಕ್ಕಿತು. 2024ರ ನವೆಂಬರ್ 23, ಯೋಗೇಶ್ವರ್ ಗೆಲುವು, ನಿಖಿಲ್ ಸೋಲು, 25 ಸಾವಿರ ದಾಟಿದ ಅಂತರ. ಯಾವ ಸುತ್ತಿನಲ್ಲಿ ಯಾರು ಮುಂದಿದ್ದರು, ಒಕ್ಕಲಿಗರ ವೋಟು ಎಲ್ಲಿ ಒಡೆಯಿತು, ಎಲ್ಲ. ಅದಾದ ಆರು ದಿನಕ್ಕೆ, ನವೆಂಬರ್ 29ರಂದು, ಇವರು ತೆರಿಗೆ ಕಟ್ಟುವ ದೇಶದಲ್ಲಿ 174 ಸ್ಥಾನಗಳ ಸಂಸತ್ತಿನ ಕೆಳಮನೆಗೆ ಮಹಾಚುನಾವಣೆ ಇತ್ತು. ಅವತ್ತು ಕನ್ನಡದ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದದ್ದು ಎರಡೇ ಸಂಗತಿ: ಮಕ್ಕಳ ಶಾಲೆ ಮತಗಟ್ಟೆಯಾದ್ದರಿಂದ ರಜವೇ ಎಂಬ ಪ್ರಶ್ನೆ, ಮತ್ತು ಬೆಂಗಳೂರಿನಿಂದ ಬರುವವರು ಯಾರಾದರೂ ಎಂಟಿಆರ್ ಪುಡಿ ತರುತ್ತೀರಾ ಎಂಬ ಮನವಿ.

ಮೊದಲನೇ ಪ್ರಶ್ನೆಗೆ ಅಂಕಲ್‌ಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬರು ಮಾತ್ರ, "ಯಾರೋ ಮರ್ಫಿ ಇರಬೇಕು" ಅಂದರು. ಕಾರ್ಕ್‌ನಲ್ಲಿ ಈ ಉತ್ತರ ಪೂರ್ತಿ ತಪ್ಪಾಗುವುದು ಕಷ್ಟ, ಆದ್ದರಿಂದ ಅರ್ಧ ಅಂಕ ಕೊಡಬಹುದು.

ಐರ್ಲೆಂಡಿನ ಸ್ಥಳೀಯ ಚುನಾವಣೆಯಲ್ಲಿ ವೋಟು ಹಾಕಲು ಆ ದೇಶದ ಪ್ರಜೆ ಆಗಿರಬೇಕಿಲ್ಲ. ಹದಿನೆಂಟು ತುಂಬಿದ್ದು, ಅಲ್ಲಿ ವಾಸವಿದ್ದು, ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಹಾಸನದಿಂದ ಬಂದವನು 31 ಸದಸ್ಯರ ಕಾರ್ಕ್ ನಗರ ಪಾಲಿಕೆಗೆ ವೋಟು ಹಾಕಬಹುದು, ಚುನಾವಣೆಗೆ ನಿಲ್ಲಲೂಬಹುದು. ಇತ್ತ ಬೆಂಗಳೂರಿನಲ್ಲಿ 2015ರ ಆಗಸ್ಟ್‌ನಲ್ಲಿ ಪಾಲಿಕೆಗೆ ಚುನಾವಣೆ ನಡೆದದ್ದು ನಡೆದದ್ದೇ. 2020ರ ಸೆಪ್ಟೆಂಬರ್‌ಗೆ ಅವಧಿ ಮುಗಿಯಿತು. ಆಮೇಲೆ ಬಿಬಿಎಂಪಿಯನ್ನೇ ಎತ್ತಿಹಾಕಿ ನಗರವನ್ನು ಐದು ಹೋಳು ಮಾಡಿದರೇ ಹೊರತು, ಅವಧಿ ಮುಗಿದ ಮೇಲಿನ ಐದು ವರ್ಷ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಅಂದರೆ ಬಸವನಗುಡಿಯಲ್ಲಿ ಹುಟ್ಟಿ ಬೆಳೆದವರಿಗೆ ಇಲ್ಲದ ಭಾಗ್ಯ ಬಸವನಗುಡಿ ಬಿಟ್ಟು ಬಂದವರಿಗೆ ಸಿಕ್ಕಿದೆ. ಸಿಕ್ಕಿದ್ದನ್ನು ಅವರು ಮದುವೆಯ ಬೆಳ್ಳಿ ಲೋಟದ ಹಾಗೆ ಬಳಸದೆ ಇಟ್ಟಿದ್ದಾರೆ.

ಯಜಮಾನರದ್ದಂತೂ ಇನ್ನೂ ಒಂದು ಹೆಜ್ಜೆ ಮುಂದೆ. ಅವರು ಐರಿಷ್ ಪೌರತ್ವ ತೆಗೆದುಕೊಂಡು, ಭಾರತದ ಪಾಸ್‌ಪೋರ್ಟ್ ಒಪ್ಪಿಸಿ, ಓಸಿಐ ಕಾರ್ಡ್ ಮಾಡಿಸಿಕೊಂಡವರು. ಆ ಕಾರ್ಡಿಗೆ ಜೀವನಪೂರ್ತಿ ವೀಸಾ ಉಂಟು, ವೋಟಿಲ್ಲ. ಈ ಕಡೆ ಪಾಲಿಕೆಯಿಂದ ಹಿಡಿದು ರಾಷ್ಟ್ರಪತಿಯವರೆಗೆ, ನಡುವೆ ಬರುವ ಜನಮತಗಣನೆಗಳಿಗೂ, ಎಲ್ಲಕ್ಕೂ ವೋಟುಂಟು. ಹೀಗೆ ವೋಟಿಲ್ಲದ ಊರಿನ ಬಗ್ಗೆ ಅವರಿಗೆ ದಿನಕ್ಕೆ ನಾಲ್ಕು ಅಭಿಪ್ರಾಯ. ವೋಟಿರುವ ಊರಿನ ಬಗ್ಗೆ ಕಸದ ತೊಟ್ಟಿ ಯಾವ ದಿನ ಹೊರಗಿಡಬೇಕು ಎಂಬಷ್ಟು ತಿಳಿವಳಿಕೆ, ಅದನ್ನೂ ಹೆಂಡತಿ ನೆನಪಿಸಬೇಕು.

ಬ್ಯಾಲಿನ್‌ಕೊಲಿಗ್ ಒಂದು ದಿನ ಕೌಂಟಿಯಿಂದ ನಗರಕ್ಕೆ ಸೇರಿಹೋದದ್ದೂ ಅವರಿಗೆ ಮಗಳ ಪ್ರಾಜೆಕ್ಟ್ ಓದಿದಾಗಲೇ ಗೊತ್ತಾದದ್ದು. 2019ರ ಮೇ 24ರಂದು ಇಲ್ಲಿಯ ಜನ ನಗರ ಪಾಲಿಕೆಗೆ ವೋಟು ಹಾಕಿದರು; ಊರು ನಗರಕ್ಕೆ ಸೇರಿದ್ದು ಒಂದು ವಾರ ತಡೆದು, ಮೇ 31ಕ್ಕೆ. ಮೇಯರನ್ನು ಜನರೇ ನೇರವಾಗಿ ಆರಿಸಬೇಕೇ ಎಂದೂ ಆ ವೋಟಿನ ದಿನವೇ ಕೇಳಿದ್ದರು. ಲಿಮರಿಕ್ ಹೂಂ ಅಂದಿತು, ಕಾರ್ಕ್ ಸುಮಾರು ಒಂದು ಸಾವಿರ ವೋಟಿನಲ್ಲಿ ಬೇಡ ಅಂದಿತು. "ಇಷ್ಟೆಲ್ಲ ಆಗಿತ್ತಾ?" ಎಂದು ಕೇಳಿದರು ಯಜಮಾನರು. ಆಗುವಾಗ ಅವರು ಅದೇ ಊರಿನಲ್ಲಿ, ಅದೇ ಸೋಫಾದ ಮೇಲೆ, ಮಂಡ್ಯದಲ್ಲಿ ಸುಮಲತಾ ಗೆದ್ದದ್ದನ್ನು ನೋಡುತ್ತಿದ್ದರು.

ಇನ್ನು ಕಾಲೇಜಿನ ಅರ್ಜಿ. ಐರ್ಲೆಂಡಿನಲ್ಲಿ ಸಿಎಓ ಎಂಬ ಒಂದೇ ಕಚೇರಿ ಬಹುತೇಕ ಎಲ್ಲ ಕಾಲೇಜುಗಳ ಸೀಟು ಹಂಚುತ್ತದೆ. ಪದವಿಗೆ ಹೆಚ್ಚೆಂದರೆ ಹತ್ತು ಕೋರ್ಸುಗಳನ್ನು ಇಷ್ಟದ ಕ್ರಮದಲ್ಲಿ ಬರೆಯಬಹುದು. ನಿಮ್ಮ ಪಾಯಿಂಟ್‌ಗಳಿಗೆ ಎಟುಕುವುದರಲ್ಲಿ ಎಲ್ಲಕ್ಕಿಂತ ಮೇಲೆ ಯಾವುದಿದೆಯೋ ಅದು ಸಿಗುತ್ತದೆ. ಆ ದೇಶದ ವೋಟೂ ಹಾಗೆಯೇ. ಒಬ್ಬನಿಗೆ ಮುದ್ರೆ ಒತ್ತಿ ಬರುವುದಿಲ್ಲ. ಒಂದು, ಎರಡು, ಮೂರು ಎಂದು ಅಂಕಿ ಬರೆಯುತ್ತಾರೆ. ಒಂದನೆಯವನು ಎಣಿಕೆಯಲ್ಲಿ ಬಿದ್ದುಹೋದರೆ ವೋಟು ಎರಡನೆಯವನಿಗೆ ದಾಟುತ್ತದೆ. ಅಲ್ಲಿಯ ಮತದಾರರು ಇದರಲ್ಲಿ ಪಳಗಿದ್ದಾರೆ. ಪಕ್ಕದ ಮನೆಯವನು ನಿಂತಿದ್ದರೆ ಮುಖದಾಕ್ಷಿಣ್ಯಕ್ಕೆ ಒಂದನೇ ನಂಬರು ಅವನಿಗೆ, ನಿಜವಾಗಿ ಬೇಕಾದವನಿಗೆ ಎರಡನೆಯದು.

ಯಜಮಾನರಿಗೆ ಗೊತ್ತಿದ್ದದ್ದು ಹಾಸನದ ಎಣಿಕೆ. ಮೊದಲು ಬಂದವನೇ ಗೆದ್ದವನು, ಉಳಿದವರು ಠೇವಣಿ ನೋಡಿಕೊಳ್ಳಬೇಕು. ಅವರು ಪಟ್ಟಿಯ ಮೊದಲ ಸಾಲಿನಲ್ಲಿ ಮೆಡಿಸಿನ್ ಇರಲೇಬೇಕು ಎಂದು ಹಟ ಹಿಡಿದರು. ಮಗಳು ಒಂದೇ ಮಾತಿಗೆ ಒಪ್ಪಿದಳು. ಎರಡನೆಯದು ರಾಜ್ಯಶಾಸ್ತ್ರ, ಮೂರನೆಯದು ಕಂಪ್ಯೂಟರ್ ಸೈನ್ಸ್. "ಎರಡು ಮೂರು ಏನಾದ್ರೂ ಹಾಕ್ಕೋ, ಮೇಲಿರೋದು ಮುಖ್ಯ" ಎಂದು ಯಜಮಾನರು ಉದಾರವಾಗಿ ಸಹಿ ಹಾಕಿದ ಹಾಗೆ ತಲೆಯಾಡಿಸಿದರು. ಮೆಡಿಸಿನ್‌ಗೆ ಎಚ್‌ಪ್ಯಾಟ್ ಎಂಬ ಬೇರೆಯದೇ ಪರೀಕ್ಷೆ ಇದೆ, ಅದು ಫೆಬ್ರುವರಿಯಲ್ಲೇ ಮುಗಿಯುತ್ತದೆ, ಮಗಳು ಅದಕ್ಕೆ ಅರ್ಜಿಯನ್ನೇ ಹಾಕಿಲ್ಲ ಎಂಬುದು ಅವರಿಗೆ ಗೊತ್ತಿರಲಿಲ್ಲ. ಫೆಬ್ರುವರಿಯಲ್ಲಿ ಅವರು ಸಿದ್ದರಾಮಯ್ಯನವರ ಎರಡೂವರೆ ವರ್ಷದ ಒಪ್ಪಂದ ಇದೆಯೋ ಇಲ್ಲವೋ ಎಂಬ ಚರ್ಚೆಯಲ್ಲಿದ್ದರು. ಹೆಂಡತಿಗೆ ಗೊತ್ತಿತ್ತು. ವರ್ಷಗಟ್ಟಲೆ ನೈಟ್ ಶಿಫ್ಟಿನಲ್ಲಿ ಎಳೆಯ ಡಾಕ್ಟರುಗಳ ಕಣ್ಣಿನ ಕೆಳಗಿನ ಕಪ್ಪು ನೋಡಿದ್ದ ಆಕೆ, ಗಂಡ ಕೇಳದ ಪ್ರಶ್ನೆಗೆ ಉತ್ತರ ಹೇಳುವ ಗೋಜಿಗೆ ಹೋಗಲಿಲ್ಲ.

ಆಗಸ್ಟ್‌ನಲ್ಲಿ ಫಲಿತಾಂಶ ಬಂತು. ಮೊದಲ ಅಭ್ಯರ್ಥಿ ಠೇವಣಿ ಕಳೆದುಕೊಂಡರು. ಎರಡನೇ ಪ್ರಾಶಸ್ತ್ಯ ಗೆದ್ದಿತು. ಕಂಪ್ಯೂಟರ್ ಸೈನ್ಸ್‌ಗೆ ಬೇಕಾದಷ್ಟು ಪಾಯಿಂಟ್‌ಗಳಿದ್ದವು, ಆದರೆ ಎಣಿಕೆ ಅಲ್ಲಿಯವರೆಗೆ ಇಳಿಯಲೇ ಇಲ್ಲ. ಯಜಮಾನರು ಸಂಜೆಯವರೆಗೆ ಯಾರ ಜೊತೆಯೂ ಮಾತಾಡಲಿಲ್ಲ. ಸಂಜೆ ಹಾಸನಕ್ಕೆ ವೀಡಿಯೊ ಕರೆ ಮಾಡಿದರು, ತಂದೆಯಾದರೂ ತನ್ನ ಪಕ್ಷ ವಹಿಸುತ್ತಾರೆಂದು. ಆ ಮುದುಕರು ಎಚ್‌ಇಪಿ, ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಂಡು ಬಿಎ ಮಾಡಿ, ಪರೀಕ್ಷೆ ಬರೆದು ತಾಲ್ಲೂಕು ಕಚೇರಿ ಸೇರಿ, ಆ ಸಂಬಳದಲ್ಲಿ ಮಗನನ್ನು ಎಂಜಿನಿಯರ್ ಮಾಡಿದವರು. "ರಾಜ್ಯಶಾಸ್ತ್ರ ಓದಿದರೆ ಹೊಟ್ಟೆ ತುಂಬುತ್ತೇನಪ್ಪ?" ಎಂದು ಮಗ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನದು ತುಂಬಿತಲ್ಲೋ" ಅಂದರಂತೆ.

ಕಡೆಗೆ ಮರ್ಯಾದೆ ಉಳಿಸಿದ್ದು ವಿಶ್ವವಿದ್ಯಾಲಯವೇ. ಯುಸಿಸಿಯಲ್ಲಿ ಸರ್ಕಾರ, ರಾಜಕೀಯ ಓದಿದವರಿಗೆ ಕೊಡುವ ಪದವಿ ಬಿಎಸ್ಸಿ. ಯಜಮಾನರು ಇದನ್ನು ಪ್ರವೇಶ ಪತ್ರದಲ್ಲಿ ಕಂಡು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ಓದಿ, ವಾಟ್ಸ್ಆ್ಯಪ್ ಗುಂಪಿಗೆ ಕೂಡಲೇ ಹಾಕಿದರು: "ಮಗಳಿಗೆ ಯುಸಿಸಿಯಲ್ಲಿ ಬಿಎಸ್ಸಿ ಸೀಟು. ಎಲ್ಲರ ಆಶೀರ್ವಾದ." ಅಭಿನಂದನೆಗಳ ಸುರಿಮಳೆಯಾಯಿತು. ಯಾವ ಬ್ರಾಂಚ್ ಎಂದು ಕೇಳಿದವರಿಗೆ ಕೈಮುಗಿದ ಎಮೋಜಿ ಹೋಯಿತು.

ಅಲ್ಲಿಂದೀಚೆಗೆ ಅವರು ಬ್ಯಾಲಿನ್‌ಕೊಲಿಗ್ ಕನ್ನಡಿಗರ ಸಿಎಓ ತಜ್ಞ. ಶನಿವಾರದ ವಾಕ್‌ನಲ್ಲಿ, ಮದ್ದಿನ ಕಾಲುವೆಯ ಪಕ್ಕ, ಮುಂದಿನ ಸಾಲಿನ ಅಪ್ಪಂದಿರಿಗೆ ಪ್ರಾಶಸ್ತ್ಯ ಹೇಗೆ ದಾಟುತ್ತದೆ, ಒಂದನೆಯದು ಬಿದ್ದರೆ ಎರಡನೆಯದು ಹೇಗೆ ಏಳುತ್ತದೆ ಎಂದು ಬೆರಳು ಮಡಚಿ ವಿವರಿಸುತ್ತಾರೆ. ಕೇಳುವವರು ಹೌದಲ್ವಾ ಎಂದು ಬೆರಗಾಗುತ್ತಾರೆ. ಮೊನ್ನೆ ಒಬ್ಬರು, "ಇಲ್ಲಿ ಎಲೆಕ್ಷನ್ನೂ ಹೀಗೇ ಅಂತಲ್ಲ ಸಾರ್, ನಿಮ್ಮದು ವೋಟರ್ ಲಿಸ್ಟಲ್ಲಿ ಹೆಸರಿದೆಯಾ?" ಎಂದು ಕೇಳಿಬಿಟ್ಟರು. "ಅದೊಂದು ಮಾಡಿಸಬೇಕು ನೋಡಿ," ಎಂದ ಯಜಮಾನರು, ದನಿ ತಗ್ಗಿಸಿ, "ಅದಿರಲಿ, ಹಾಸನದ ಸುದ್ದಿ ಕೇಳಿದ್ರಾ?" ಅಂದರು.