ಇಳಿಯುವ ಕೊರಳು, ಏರುವ ಹುಬ್ಬು

ನಮ್ಮ ಮನೆಯಲ್ಲಿ ಬ್ಲೌಸಿನ ಕೊರಳು ಒಂದಿಂಚು ಇಳಿದರೆ ಅಮ್ಮನ ಹುಬ್ಬು ಎರಡಿಂಚು ಏರುತ್ತದೆ. ಹಾಗಾಗಿ ಟೈಲರ್ ‘ಎಷ್ಟು ಡೀಪ್ ಇಡ್ಲಿ ಅಕ್ಕಾ?’ ಎಂದು ಕೇಳಿದರೆ ನನ್ನದು ಸಂಧಾನದ ಉತ್ತರ: ‘ಮುಂದೆ ಆರು, ಹಿಂದೆ ಒಂಬತ್ತು.’ ಮುಂದಿನದು ಅಮ್ಮನ ಪಾಲು, ಹಿಂದಿನದು ನನ್ನದು. ಬೆನ್ನಿಗೆ ಜಡೆ ಇದೆಯಲ್ಲ ಎಂಬುದು ಅವಳ ಲೆಕ್ಕ. ನಾನು ಬಾಬ್ ಕಟ್ ಮಾಡಿಸಿಕೊಂಡ ಮೇಲೂ ಆ ರಿಯಾಯಿತಿ ರದ್ದಾಗಿಲ್ಲ.

ಈ ಇಳಿಕೊರಳಿಗೆ ಫ್ಯಾಷನ್ ಲೋಕದಲ್ಲಿ ‘ಡೆಕೊಲ್ತಾಜ್’ ಎಂಬ ಫ್ರೆಂಚ್ ಹೆಸರಿದೆ. ಮೂಲದಲ್ಲಿ ಕೊರಳಪಟ್ಟಿ ತೆಗೆದು ಕುತ್ತಿಗೆ ಬರಿದು ಮಾಡುವುದು ಎಂದಷ್ಟೇ ಅರ್ಥ. ಆದರೆ ತೆಗೆಯಲು ಹೊರಟ ಕತ್ತರಿ ಕೊರಳಲ್ಲೇ ನಿಲ್ಲಬೇಕಲ್ಲ! ಈಗ ಉಡುಪಿನ ಕತ್ತರಿಕೆಗೂ ಅದೇ ಹೆಸರು, ಅದು ತೋರಿಸುವ ಕುತ್ತಿಗೆ, ಎದೆಯ ಮೇಲ್ಭಾಗಕ್ಕೂ ಅದೇ. ಆ ಜಾಗಕ್ಕೆಂದೇ ಬೇರೆ ಕ್ರೀಮು ಮಾರುತ್ತಾರೆ. ಮುಖದ ಕ್ರೀಮು ಗಲ್ಲ ದಾಟಿದರೆ ಪಾಸ್‌ಪೋರ್ಟ್ ಕೇಳುತ್ತಾರೋ ಏನೋ.

18ನೆಯ ಶತಮಾನದ ಫ್ರೆಂಚ್ ಹೆಂಗಸರು ಆಳದ ಕೊರಳಿನ ಗೌನು ಹೊಲಿಸಿಕೊಳ್ಳುತ್ತಿದ್ದರು. ಆಮೇಲೆ ‘ಫಿಶು’ ಎಂಬ ತೆಳುವಸ್ತ್ರ ಹೊದ್ದು, ತುದಿಗಳನ್ನು ಒಳಗೆ ಸಿಕ್ಕಿಸಿ ಅದನ್ನೇ ಮುಚ್ಚುತ್ತಿದ್ದರು. ತೆರೆದದ್ದಕ್ಕೊಂದು ಕೂಲಿ, ಮುಚ್ಚಿದ್ದಕ್ಕೊಂದು ಕೂಲಿ. ಸೆರಗು ಮತ್ತು ಸೇಫ್ಟಿ ಪಿನ್ನಿನಲ್ಲಿ ಸುಧಾರಿಸುವ ನಾವೇ ವಾಸಿ.

ವಿಕ್ಟೋರಿಯಾ ರಾಣಿಯ ಆಸ್ಥಾನದ ಕತೆ ಇನ್ನೂ ಚೆಂದ. ಲಂಗಗಳು ನೆಲ ಗುಡಿಸುತ್ತಿದ್ದ ಆ ಕಾಲದಲ್ಲೂ ರಾಣಿಯ ದರ್ಶನಕ್ಕೆ ಇಳಿಕೊರಳು ಕಡ್ಡಾಯ! ಆರೋಗ್ಯ ಸರಿಯಿಲ್ಲದವರು ಕೊರಳು ಮುಚ್ಚಿಕೊಳ್ಳಲು ಅನುಮತಿ ಬೇಡಬೇಕಿತ್ತು. ಅಮ್ಮನಿಗೆ ಇದನ್ನು ಹೇಳಿದೆ. ‘ಅದಕ್ಕೇ ಅವರ ಸಾಮ್ರಾಜ್ಯ ಮುಳುಗಿದ್ದು’ ಎಂದು ತೀರ್ಪು ಬಂತು.

1884ರಲ್ಲಿ ಪ್ಯಾರಿಸ್ಸಿನ ಸಲೋನ್ ಪ್ರದರ್ಶನದಲ್ಲಿ ಜಾನ್ ಸಿಂಗರ್ ಸಾರ್ಜೆಂಟನ ‘ಮೇಡಂ ಎಕ್ಸ್’ ಚಿತ್ರ ನೋಡಿ ಜನ ಕೆರಳಿದರು. ಕಪ್ಪು ಗೌನಿನ ಕೊರಳು ಸಾಕಷ್ಟು ಆಳವಾಗಿಯೇ ಇತ್ತು. ಆದರೂ ದೊಡ್ಡ ಗುಲ್ಲೆದ್ದದ್ದು ಹೆಗಲಿಂದ ಜಾರಿದ್ದ ಒಂದು ಪಟ್ಟಿಗೆ. ಪಾಪ, ಸಾರ್ಜೆಂಟ್ ಆಮೇಲೆ ಆ ಪಟ್ಟಿಯನ್ನು ಹೆಗಲ ಮೇಲೇರಿಸಿ ಬರೆದ. ಎಣ್ಣೆಬಣ್ಣದ ಚಿತ್ರಕ್ಕೂ ಆಲ್ಟರೇಶನ್ ತಪ್ಪಲಿಲ್ಲ.

2000ದ ಗ್ರ್ಯಾಮಿ ಸಮಾರಂಭಕ್ಕೆ ಜೆನಿಫರ್ ಲೋಪೆಜ್ ಉಟ್ಟ ಹಸಿರು ವರ್ಸಾಚೆ ಉಡುಪಿನ ಕೊರಳು ಹೊಕ್ಕುಳಿನವರೆಗೂ ಇಳಿದಿತ್ತು. ಲೋಕವೆಲ್ಲ ಗೂಗಲ್‌ನಲ್ಲಿ ಹುಡುಕಿದರೆ ಸಿಕ್ಕಿದ್ದು ಬರೀ ಕೊಂಡಿಗಳ ಪಟ್ಟಿ. ಈ ಪರದಾಟವೇ ಚಿತ್ರ ಹುಡುಕುವ ಸೌಲಭ್ಯ ಹುಟ್ಟಲು ಪ್ರೇರಣೆಯಾಯಿತು ಎಂದು ಗೂಗಲ್‌ನ ಮುಖ್ಯಸ್ಥರಾಗಿದ್ದ ಎರಿಕ್ ಶ್ಮಿಟ್ ಮುಂದೆ ಬರೆದರು. 2001ರಲ್ಲಿ ಅದು ಬಂದೇ ಬಂತು.

ಅಮ್ಮನೂ ಅದನ್ನು ದಿನಾ ಬಳಸುತ್ತಾಳೆ. ‘ಹೈ ನೆಕ್ ಬ್ಲೌಸ್’ ಎಂದು ಹುಡುಕಿ, ಸಿಕ್ಕಿದ್ದನ್ನೆಲ್ಲ ನನಗೆ ವಾಟ್ಸಾಪ್ ಮಾಡುತ್ತಾಳೆ.